ಮಾಲಕರ ಮನೆಯ ಬಾಡಿಗೆ ಬೋರ್ಡು

ನಾನು ಎರಡು ಮೊಳದ ಒಂದು ತಗಡಿನ ಬೋರ್ಡು. ಹುಬ್ಬಳ್ಳಿಯ ಪೇಂಟರ್ ದಾವಲಸಾಬನ ಅಂಗಡಿಯಲ್ಲಿ ಹುಟ್ಟಿದೆ. ಅವನು ನನ್ನನ್ನು ಕಟ್ಟಿಗೆಯ ಚೌಕಟ್ಟಿಗೆ ಬಡಿದು, ಹಳದಿ ಬಣ್ಣ ಬಳಿದು, ಕೆಂಪಿನಲ್ಲಿ 'ಮನಿ ಬಾಡಿಗಿಗೆ ಅದ' ಎಂದು ಬರೆದ. 'ಮನಿ' ಅನ್ನುವುದನ್ನು ಉತ್ಸಾಹದಲ್ಲಿ ದೊಡ್ಡದಾಗಿ ಬರೆದುಬಿಟ್ಟ. ಹೀಗಾಗಿ ಕೊನೆಯ 'ಅದ' ಪಾಪ, ಮೂಲೆಯಲ್ಲಿ ಮುದುಡಿ ಕೂತಿತು. "ಇರ್ಲಿ ಬಿಡ್ರಿ, ಮನಿ ದೊಡ್ಡದು ಕಾಣಬೇಕು" ಎಂದು ದಾವಲಸಾಬ ನಕ್ಕ. ನನ್ನನ್ನು ಮಾಡಿಸಲು ಬಂದ ಶಿವಲಿಂಗಪ್ಪನವರಿಗೆ ಆ ಮಾತು ಬಹಳ ಹಿಡಿಸಿತು.

ಶಿವಲಿಂಗಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಅವರ ಹೆಂಡತಿ ನೀಲಗಂಗಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅವರು ಇರುವ ಮನೆ ಒಂದು, ಅದೇ ಓಣಿಯ ತುದಿಯಲ್ಲಿ ಬಾಡಿಗೆಗೆ ಕೊಡುವ ಮನೆ ಇನ್ನೊಂದು. ನನ್ನ ಕೆಲಸ ಆ ಎರಡನೆಯ ಮನೆಯ ಗೇಟಿನಲ್ಲಿ. ನಿಜ ಹೇಳಬೇಕೆಂದರೆ ನನ್ನದು ವಿಚಿತ್ರ ನೌಕರಿ. ಮನೆ ಖಾಲಿಯಾದರೆ ಅವರಿಗೆ ಚಿಂತೆ, ನನಗೆ ಹಬ್ಬ. ಬಾಡಿಗೆಯವರು ಬಂದರೆ ಅವರಿಗೆ ಹಬ್ಬ, ನನಗೆ ಅಟ್ಟ.

ಬಾಡಿಗೆಯವರು ಶಿವಲಿಂಗಪ್ಪನವರನ್ನು 'ಮಾಲಕರ' ಎಂದು ಕರೆಯುತ್ತಿದ್ದರು. ಕೇಳಿ ಕೇಳಿ ಓಣಿಯವರೂ ಹಾಗೆಯೇ ಕರೆಯತೊಡಗಿದರು. ಜೀವಮಾನವೆಲ್ಲ 'ಏ ಕಂಡಕ್ಟರ್, ಚಿಲ್ಲರಾ ಕೊಡು' ಎಂದು ಕೇಳಿಸಿಕೊಂಡ ಮನುಷ್ಯನಿಗೆ ಆ ಒಂದು ಮಾತು ತುಪ್ಪದ ಊಟ. ವರ್ಷಕ್ಕೊಮ್ಮೆ ಏಪ್ರಿಲ್ ಬಂತೆಂದರೆ ಅವರ ಸಂಭ್ರಮ ನೋಡಬೇಕು. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ. ಇಸ್ತ್ರಿ ಅಂಗಿ ತೊಟ್ಟು, ಸರದಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕಟ್ಟಿ ಬರುವರು. ಬರುವಾಗ ಧಾರವಾಡ ಪೇಡೆ ತಂದು ಓಣಿಗೆಲ್ಲ ಹಂಚುವರು. ಕರ ಕಟ್ಟಿದ್ದಕ್ಕೆ ಸಿಹಿ ಹಂಚುವ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಆದರೆ ಕರ ಏರುತ್ತ ಹೋಯಿತು. ಒಂದು ವರ್ಷ ಮನೆ ಬಹಳ ದಿನ ಖಾಲಿ ಬಿತ್ತು. ನಾನು ಗೇಟಿನಲ್ಲಿ ನೇತಾಡಿ ನೇತಾಡಿ ಬಿಸಿಲಿಗೆ ಬಿಳಿಚಿದೆ. ನೀಲಗಂಗಮ್ಮ ಒಂದು ದಿನ ನನ್ನ ಮುಂದೆಯೇ ಮಾತು ತೆಗೆದರು.

"ಖಾಲಿ ಮನಿಗೂ ಕರಾ ಕಟ್ಟಬೇಕು, ತುಂಬಿದ ಮನಿಗೂ ಕಟ್ಟಬೇಕು. ಮ್ಯಾಲೆ ಸುಣ್ಣ, ನಳ, ಪಂಪು. ಉಳಿಯೂದೇನ್ರಿ? ಮಾರಿಬಿಡೂಣು."

"ಮಾರಿದ್ರ ನನ್ನ ಮಾಲಕ ಅಂತ ಯಾರ ಕರೀತಾರ?" ಎಂದರು ಶಿವಲಿಂಗಪ್ಪ. ಧ್ವನಿ ಸಣ್ಣದಾಗಿತ್ತು. ಇಷ್ಟು ವರ್ಷ ಅವರನ್ನು ಹತ್ತಿರದಿಂದ ನೋಡಿದ ನನಗೆ ಆ ಸಂಕಟ ಅರ್ಥವಾಯಿತು.

ಮನೆ ನೀಲಗಂಗಮ್ಮನ ತಂದೆ ಕೊಟ್ಟದ್ದು, ಲೆಕ್ಕವೂ ಅವರದೇ. ಮಾರಿದರು. ಕೊಂಡವರು ತಾವೇ ಇರಲು ಬಂದರು, ನನ್ನ ಅಗತ್ಯ ಅವರಿಗಿರಲಿಲ್ಲ. ನಾನು ಶಿವಲಿಂಗಪ್ಪನವರ ಮನೆಯ ಅಟ್ಟ ಸೇರಿದೆ. ಹಣದಲ್ಲಿ ಹೆಚ್ಚಿನದನ್ನು ನೀಲಗಂಗಮ್ಮ ಬ್ಯಾಂಕಿನಲ್ಲಿಟ್ಟರು. ಒಂದು ಪಾಲನ್ನು ರೀಟ್ ಎಂಬುದರಲ್ಲಿ ಹಾಕಿದರು. ದೊಡ್ಡ ದೊಡ್ಡ ಆಫೀಸು ಕಟ್ಟಡಗಳನ್ನು ಒಂದು ಟ್ರಸ್ಟು ನೋಡಿಕೊಳ್ಳುತ್ತದಂತೆ. ಅದರ ಯೂನಿಟ್ ಕೊಂಡವರಿಗೆ ಬಾಡಿಗೆಯಲ್ಲಿ ಪಾಲು ಬರುತ್ತದಂತೆ.

"ಬೆಂಗಳೂರಿನ ಆ ಗಾಜಿನ ಬಿಲ್ಡಿಂಗಿನ್ಯಾಗ ನಮ್ಮದೂ ಒಂದು ಚೂರು ಐತ್ರಿ" ಎಂದು ಅವರು ಗಂಡನಿಗೆ ತಿಳಿಹೇಳಿದರು.

"ಯಾವ ಚೂರು? ಬಾಗಲಾ? ಕಿಡಕಿಯಾ?"

"ಎಲ್ಲಾದರಾಗೂ ಒಂದೀಟು."

"ಒಂದೀಟು ಮಾಲಕಗ ಯಾರೂ ನಮಸ್ಕಾರ ಮಾಡೂದಿಲ್ಲ" ಎಂದು ಶಿವಲಿಂಗಪ್ಪ ಮುಖ ತಿರುಗಿಸಿದರು.

ಏಪ್ರಿಲ್ ಬಂತು. ಇರುವ ಮನೆಯ ಕರವನ್ನು ಅವರು ಕಟ್ಟಿ ಬಂದರು, ಆದರೆ ಪೇಡೆ ತರಲಿಲ್ಲ. ಇರುವ ಮನೆಗೆ ಕರ ಎಲ್ಲರೂ ಕಟ್ಟುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ! ಒಂದು ವಾರ ಮಂಕಾಗಿ ಕೂತರು. ಆಮೇಲೆ ಇದ್ದಕ್ಕಿದ್ದಂತೆ ಎದ್ದು, ಬೆಂಗಳೂರಿನ ಹಳೆಯ ಗೆಳೆಯನನ್ನು ನೋಡಿಬರುತ್ತೇನೆಂದು ಹೆಂಡತಿಗೆ ಹೇಳಿ, ಅಟ್ಟದಿಂದ ನನ್ನನ್ನು ಇಳಿಸಿದರು. ಗೆಳೆಯನ ಮನೆಗೆ ಬೋರ್ಡು ಯಾಕೆಂದು ನೀಲಗಂಗಮ್ಮ ಕೇಳಲಿಲ್ಲ. ಜಾಣೆ.

ನಾವು ಹೋದದ್ದು ನೇರ ಆ ಗಾಜಿನ ಕಟ್ಟಡಕ್ಕೆ. ತಲೆಯೆತ್ತಿ ನೋಡಿದರೆ ಟೋಪಿ ಬೀಳುವಷ್ಟು ಎತ್ತರ. ಗೇಟಿನಲ್ಲಿದ್ದ ಸೆಕ್ಯೂರಿಟಿಯವನು ಕುಷ್ಟಗಿ ಕಡೆಯವನು.

"ಎಲ್ಲಿಗೆ ಹೊಂಟೀರ್ರಿ ಯಜಮಾನ್ರ?"

"ನನ್ನ ಬಿಲ್ಡಿಂಗಿಗೆ."

ಅವನು ಇಸ್ತ್ರಿ ಅಂಗಿ ನೋಡಿದ, ನನ್ನನ್ನು ಓದಿದ, ನಗು ತಡೆದುಕೊಂಡು ಒಳಗೆ ಫೋನ್ ಮಾಡಿದ. ಕಟ್ಟಡದ ಮ್ಯಾನೇಜರ್ ಕೃತ್ತಿಕಾ ಇಳಿದು ಬಂದು ನಮ್ಮನ್ನು ಕೆಳಗಿನ ಹಜಾರಕ್ಕೆ ಕರೆದೊಯ್ದಳು. ಶಿವಲಿಂಗಪ್ಪ ನಿಂತಲ್ಲೇ ಗೋಡೆ ತಟ್ಟಿ ನೋಡಿದರು. ಒಂದು ನಳ ತಿರುಗಿಸಿ ನೋಡಿದರು. ಆಮೇಲೆ ಗಂಭೀರವಾಗಿ ಕೇಳಿದರು.

"ನಾನೂ ಯೂನಿಟ್ ತೊಗೊಂಡೀನವ್ವಾ. ಏಪ್ರಿಲ್ ಮುಗ್ಯಾಕ ಬಂತು. ಇದರ ಕರಾ ಕಟ್ಟೀರೋ ಇಲ್ಲೋ? ಐದು ಪರ್ಸೆಂಟ್ ಹೋದೀತು!"

ಕೃತ್ತಿಕಾ ಅವರಿಗೆ ಕುರ್ಚಿ ಹಾಕಿಸಿದಳು. "ಕಟ್ಟಿದೀವಿ ಸರ್, ಮೊದಲನೇ ವಾರದಲ್ಲೇ. ಬಾಡಿಗೇಲಿ ಟ್ಯಾಕ್ಸು, ರಿಪೇರಿ ಖರ್ಚು ಎಲ್ಲಾ ಕಳೆದು, ಉಳಿದಿದ್ದರಲ್ಲಿ ನಿಮಗೆ ಪಾಲು ಬರತ್ತೆ. ಟ್ಯಾಕ್ಸ್ ಏರಿದ್ರೆ ನಿಮ್ಮ ಪಾಲೂ ಸ್ವಲ್ಪ ಕಮ್ಮಿ ಆಗತ್ತೆ."

"ಅಂದ್ರ ಈ ಕರದಾಗ ನಂದೂ ಐತಿ?"

"ಒಂಚೂರು ಇದೆ ಸರ್."

ಶಿವಲಿಂಗಪ್ಪನವರ ಬೆನ್ನು ನೆಟ್ಟಗಾಯಿತು. ಎರಡು ಅಂತಸ್ತು ಖಾಲಿ ಇವೆಯಂತೆ, ಇದನ್ನು ಗೇಟಿಗೆ ಕಟ್ಟಿರಿ ಎಂದು ನನ್ನನ್ನು ಮುಂದೆ ಚಾಚಿದರು. ಅದಕ್ಕೆ ಬೇರೆ ಏಜೆಂಟರಿದ್ದಾರೆ ಎಂದು ಕೃತ್ತಿಕಾ ನಕ್ಕಳು, ಆದರೂ ನನ್ನನ್ನು ಹೊಳೆಯುವ ಮೇಜಿಗೆ ಆನಿಸಿ ನಿಲ್ಲಿಸಿ ಫೋಟೋ ತೆಗೆದಳು. ನನ್ನ ಬಾಳಿನಲ್ಲಿ ಅಷ್ಟು ದೊಡ್ಡ ಮನೆಯಲ್ಲಿ ನಾನು ನಿಂತದ್ದು ಅದೊಂದೇ ಸಲ. ಮೂಲೆಯಲ್ಲಿ ಮುದುಡಿದ 'ಅದ' ಕೂಡ ಅಂದು ಎದೆಯುಬ್ಬಿಸಿತ್ತು. ಹೊರಡುವಾಗ ಕುಷ್ಟಗಿಯವನು ಸೆಲ್ಯೂಟ್ ಹೊಡೆದ. "ಹೋಗಿ ಬರ್ರಿ ಮಾಲಕರ!"

ಮನೆಗೆ ಬಂದಾಗ ನೀಲಗಂಗಮ್ಮ ಏನೂ ಅರಿಯದವರಂತೆ ಕೇಳಿದರು. "ಗೆಳೆಯಾ ಹ್ಯಾಂಗದಾನ್ರಿ?"

"ಭಾಳ ಎತ್ತರ ಆಗ್ಯಾನ."

ಈಗ ನನಗೆ ವಯಸ್ಸಾಗಿದೆ. ಬಣ್ಣ ಉದುರಿ, ಅಂಗಳದ ನೀರಿನ ಬ್ಯಾರಲ್ಲಿಗೆ ಮುಚ್ಚಳವಾಗಿದ್ದೇನೆ. ಶಿವಲಿಂಗಪ್ಪ ನನ್ನ ಪಕ್ಕದಲ್ಲೇ ಕೂತು, ನನ್ನ ಮೇಲೆಯೇ ಚಹಾದ ಕಪ್ಪು ಇಡುತ್ತಾರೆ. ಮೊನ್ನೆ ಟ್ರಸ್ಟಿನಿಂದ ಬಂದ ಪಾಲು ತುಸು ಕಡಿಮೆಯಿತ್ತು. ಅಲ್ಲಿಯ ಆಸ್ತಿ ತೆರಿಗೆ ಏರಿತ್ತಂತೆ. ತಾವೇ ಹಾಕಿದ ದುಡ್ಡು, ಗಂಡ ಏನೆನ್ನುವರೋ ಎಂದು ನೀಲಗಂಗಮ್ಮ ಅಳುಕುತ್ತಲೇ ಹೇಳಿದರು.

ಶಿವಲಿಂಗಪ್ಪ ಸಿಟ್ಟಿನಿಂದ ಎದ್ದರು. ಹಾಲು ಹಾಕಲು ಬಂದ ಗುರುಬಸು ಎದುರಿಗೆ ಸಿಕ್ಕ.

"ಏನ್ ಕರಾನೋ ಏನೋ ಗುರುಬಸು! ಹಿಂಗ ಏರಿಸಿಕೋತ ಹೋದ್ರ ನಮ್ಮಂಥ ಮಾಲಕರು ಬದುಕೂದು ಹ್ಯಾಂಗ?"

"ಆ ಮನಿ ಮಾರೀರಲ್ರೀ ಮಾಲಕರ. ಮತ್ತ ಯಾವ ಕರಾ?"

"ಬೆಂಗಳೂರಾಗ ಐತಲ್ಲೋ ನಂದೊಂದು, ಮುಗಲಿಗೆ ಹತ್ತೇತಿ!"

ಗುರುಬಸು ಹಾಲಿನ ಕ್ಯಾನು ಕೆಳಗಿಟ್ಟು ಬೆರಗಾಗಿ ನಿಂತ. ಶಿವಲಿಂಗಪ್ಪ ಬೈಯುತ್ತಲೇ ಇದ್ದರು, ಆದರೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಮಾಲಕನಾದವನಿಗೆ ತಾನೇ ಕರದ ಬಿಸಿ ತಟ್ಟುವುದು? ಸಂಜೆ ಅವರೇ ಪೇಟೆಗೆ ಹೋಗಿ ಬಂದರು. ಓಣಿಗೆಲ್ಲ ಹಂಚುವ ಮೊದಲು ಪೇಡೆಯ ಡಬ್ಬಿಯನ್ನು ತಂದು ಇಟ್ಟದ್ದು ನನ್ನ ತಲೆಯ ಮೇಲೆ.