ಕಾರಿನ ಔಷಧಿ ಡಬ್ಬ

ಸುಟ್ಟಗಾಯದ ಮುಲಾಮು ಎತ್ತಿದಾಗ ಅದರ ಅಡಿಯಿಂದ ಗುಳಿಗೆಗಳ ಬೆಳ್ಳಿಕಾಗದದ ಪಟ್ಟಿಯೊಂದು ಮೇಜಿನ ಮೇಲೆ ಜಾರಿಬಿತ್ತು. ತಾಯಿ ಕನ್ನಡಕ ಏರಿಸಿಕೊಂಡು ನೋಡಿದಳು. ಹತ್ತರಲ್ಲಿ ನಾಲ್ಕು ಉಳಿದಿದ್ದವು. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಗುಳಿಗೆ. ಮೂವತ್ತನಾಲ್ಕು ವರ್ಷ ನರ್ಸಾಗಿದ್ದವಳಿಗೆ ಹೆಸರು ಓದುವ ಅಗತ್ಯವೇ ಇರಲಿಲ್ಲ.

ಇದು ತಾನಿಟ್ಟದ್ದಲ್ಲ. ಕಾರಿನ ಈ ಬಿಳಿ ಡಬ್ಬವನ್ನು ಹೊಂದಿಸುವುದು ಮೊದಲಿನಿಂದಲೂ ಅವಳ ಕೆಲಸ. ಹತ್ತಿ, ಬ್ಯಾಂಡೇಜ್ ಸುರುಳಿ, ಕತ್ತರಿ, ಕೈಗವಸು, ಯಾವುದನ್ನು ಒಳಗಿಟ್ಟರೂ ಅದಕ್ಕೊಂದು ಚೂರು ಪ್ಲಾಸ್ಟರ್ ಅಂಟಿಸಿ, ಇಟ್ಟ ದಿನವನ್ನು ಬರೆಯುತ್ತಿದ್ದಳು. ವಾರ್ಡಿನಲ್ಲಿ ಹತ್ತಿದ ಚಾಳಿ. "ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸಿಬಿಡಿ ಸಿಸ್ಟರ್, ಯಾವತ್ತು ಕಟ್ಕೊಂಡ್ರಿ ಅಂತ ಮರೆತುಹೋದೀತು" ಎಂದು ಯಜಮಾನರು ಕಿಚಾಯಿಸುತ್ತಿದ್ದರು. ಅವರು ತೀರಿಕೊಳ್ಳುವುದಕ್ಕೆ ಮೂರು ತಿಂಗಳ ಮೊದಲು ಡಬ್ಬ ಮುಟ್ಟಿದ್ದೇ ಕೊನೆ. ಈ ಪಟ್ಟಿಯ ಮೇಲೆ ಚೀಟಿಯಿರಲಿಲ್ಲ. ಅವಧಿ ಮುಗಿಯಲು ಒಂದೂವರೆ ವರ್ಷಕ್ಕೂ ಮಿಕ್ಕಿ ಸಮಯವಿತ್ತು. ವಾರ್ಡಿನಲ್ಲಿ ನೋಡುತ್ತಿದ್ದದ್ದು ಆ ಒಂದೇ ಸಾಲು; ಕಣ್ಣು ಅಲ್ಲಿಗೇ ಹೋಗಿ ನಿಂತಿತು.

ಎಂಟು ತಿಂಗಳ ಹಿಂದೆ ಯಜಮಾನರು ಬೆಳಿಗ್ಗೆ ಪತ್ರಿಕೆ ಹಿಡಿದು ಕೂತಲ್ಲೇ ಹೋಗಿದ್ದರು. ಅಡುಗೆಮನೆ ಹತ್ತು ಹೆಜ್ಜೆ ದೂರ. ಯಾವ ಸೂಚನೆಯೂ ಇರಲಿಲ್ಲ, ನನ್ನ ಕಣ್ಣು ತಪ್ಪಿದ್ದಲ್ಲ ಎಂದು ದಿನವೂ ದೇವರ ಮುಂದೆ ಹೇಳಿಕೊಂಡು ಅವಳು ಒಂದಿಷ್ಟು ಸಮಾಧಾನ ಕಂಡಿದ್ದಳು. ಈಗ ನೋಡಿದರೆ ಆರು ಗುಳಿಗೆ ಖರ್ಚಾಗಿವೆ. ಆರು ಸಲ ನೋವು ನುಂಗಿಕೊಂಡು, ಮನೆಗೆ ಬಂದು ಕೈಕಾಲು ತೊಳೆದು, ಏನೂ ಆಗದವರಂತೆ ತನ್ನೆದುರು ಊಟಕ್ಕೆ ಕೂತಿದ್ದಾರೆ.

ಮಗ ಕಾರು ತೊಳೆದ ಬಕೆಟ್ ಹಿಡಿದು ಒಳಗೆ ಬಂದ. ಮಾರನೆಯ ದಿನ ಅವನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅತ್ತೆಯ ಮನೆಗೆ ಏಳು ಗಂಟೆಯ ದಾರಿ ಓಡಿಸಬೇಕಿತ್ತು.

"ಏನಮ್ಮ, ಊಟದ ಮೇಜಿನ ಮೇಲೆ ಆಸ್ಪತ್ರೆ ತೆಗೆದ್ಬಿಟ್ಟಿದೀಯ?"

"ಇದು ಯಾರದು?" ಅವಳು ಪಟ್ಟಿ ಎತ್ತಿ ತೋರಿಸಿದಳು.

ಅವನು ಬಕೆಟ್ಟನ್ನು ಬಹಳ ನಿಧಾನವಾಗಿ ಕೆಳಗಿಟ್ಟ. "ಅಪ್ಪಂದಿರಬೇಕು."

"ಇರಬೇಕು ಅಂದ್ರೆ? ದಿನಾ ಅವರನ್ನ ಅಂಗಡಿಗೆ ಕರ್ಕೊಂಡು ಹೋಗ್ತಿದ್ದೋನು ನೀನು."

"ಬಿಡಮ್ಮ, ಈಗ್ಯಾಕೆ ಅದೆಲ್ಲ."

"ನಿನಗೆ ಗೊತ್ತಿತ್ತು."

ಅವನು ಕೈ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ನೋಡಿದ. "ಗೊತ್ತಿತ್ತು. ಅಮ್ಮಂಗೆ ಹೇಳ್ಬೇಡ, ಗಾಬರಿ ಆಗ್ತಾಳೆ ಅಂದಿದ್ರು."

"ನಾನಾ? ತಲೆ ಒಡ್ಕೊಂಡು ಬಂದೋರನ್ನ ನಗಿಸ್ತಾ ನಗಿಸ್ತಾ ಹೊಲಿಗೆ ಹಾಕಿದೋಳು ನಾನು. ಗಾಬರಿಯಂತೆ."

ಬೇರೆ ದಿನವಾಗಿದ್ದರೆ ಅವನು ನಕ್ಕಿರುತ್ತಿದ್ದ. "ಕೊಡು, ಡಬ್ಬ ಕಾರಲ್ಲಿಡ್ತೀನಿ" ಎಂದು ಕೈ ಚಾಚಿದ. ಚಾಚಿದ ಕೈ ಡಬ್ಬವನ್ನು ದಾಟಿ ಪಟ್ಟಿಯ ಹತ್ತಿರ ಬಂದಿತ್ತು.

"ಇದನ್ನ ಎಸೆಯೋದು ನನಗೂ ಬರುತ್ತೆ. ಹೋಗು ನೀನು."

ಅವನು ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ಅಪ್ಪ ಮಗ ಇಬ್ಬರೂ ಸೇರಿ ತನ್ನನ್ನು ಹೊರಗಿಟ್ಟರು. ಊರಿನವರ ನಾಡಿಯನ್ನೆಲ್ಲ ಹಿಡಿದವಳಿಗೆ ಮನೆಯವರ ನಾಡಿ ಸಿಗಲಿಲ್ಲ. ಸಂಜೆ ದೇವರ ಮುಂದೆ ಕೂತು ಆ ಮನುಷ್ಯನಿಗಾಗಿ ಏನೆಂದು ಕೇಳಿಕೊಳ್ಳುವುದು? ಗುಳಿಗೆಯನ್ನು ಇಡಿಯಾಗಿ ಎಸೆಯಬಾರದೆಂದು ಅವಳು ಕತ್ತರಿ ತೆಗೆದುಕೊಂಡಳು. ಪಟ್ಟಿಯನ್ನು ಬೆಳಕಿಗೆ ತಿರುಗಿಸಿದಾಗ, ಅವಧಿಯ ಸಾಲಿನ ಮೇಲೆ ಇನ್ನೊಂದು ಸಾಲು ಹೊಳೆಯಿತು. ತಯಾರಾದ ತಿಂಗಳು. ಅದನ್ನು ಓದುವ ಪ್ರಸಂಗ ಅವಳಿಗೆ ಎಂದೂ ಬಂದಿರಲಿಲ್ಲ.

ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು. ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಯಜಮಾನರು ಮಣ್ಣು ಸೇರಿ ಮೂರು ತಿಂಗಳಾದ ಮೇಲೆ ತಯಾರಾದ ಗುಳಿಗೆ.

ಕತ್ತರಿ ಕೆಳಗಿಟ್ಟಳು. ಸ್ವಲ್ಪ ಹೊತ್ತಿನ ನಂತರ ಒಂದು ಚೂರು ಪ್ಲಾಸ್ಟರ್ ಹರಿದು, ಅಂದಿನ ದಿನಾಂಕ ಬರೆದು, ಪಟ್ಟಿಗೆ ಅಂಟಿಸಿ, ಎಲ್ಲಕ್ಕಿಂತ ಮೇಲೆ ಇಟ್ಟು ಡಬ್ಬ ಮುಚ್ಚಿದಳು.

ಹೊರಗೆ ಮಗ ಕಾರಿನ ಮುಂಗಾಜು ಒರೆಸುತ್ತ, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಅವಳು ಡಬ್ಬವನ್ನು ಬಾನೆಟ್ಟಿನ ಮೇಲಿಟ್ಟು ಅವನ ಒದ್ದೆ ಕೈಯನ್ನು ಹಿಡಿದುಕೊಂಡಳು. ಮೂರು ಬೆರಳು ತಾವಾಗಿಯೇ ಮಣಿಕಟ್ಟಿನ ಜಾಗ ಹುಡುಕಿಕೊಂಡವು.

"ಏನಮ್ಮ ಇದು?"

"ನಾಳೆ ಬರಲ್ಲ ಅಂತ ನಿಮ್ಮತ್ತೆಗೆ ಫೋನ್ ಮಾಡು."

ಅವನು ಡಬ್ಬದ ಕಡೆ ನೋಡಿದ, ಅವಳ ಕಡೆ ನೋಡಿದ. "ಅಮ್ಮ, ಅದು..."

"ಮಾತಾಡಬೇಡ. ಎಣಿಸ್ತಿದೀನಿ."

ಅವಳ ಕೈಯಲ್ಲಿದ್ದದ್ದು ಯಜಮಾನರ ಗಡಿಯಾರ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ವಾರ್ಡಿನ ಪದ್ಧತಿ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿತು, ಇನ್ನೊಂದು ಸುತ್ತಿಗೆ ಹೊರಳಿತು. ಕಾರಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಕೈ ಬಿಡಲಿಲ್ಲ.