ಯರಿಭೂತದ ತತ್ತಿ

ಪುಣೆಯಿಂದ ಬಂದ ಸಾಹೇಬರು ಚಕ್ಕಡಿ ಕೇಳಿದ್ದಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗಲೇ ಸೋಮವ್ವನಿಗೆ ಸಂಶಯ ಬಂತು. ಬರೀ ಹಕ್ಕಿ ನೋಡಲಿಕ್ಕೆ ಬಂದವರಿಗೆ ಚಕ್ಕಡಿಯೇ ಯಾಕೆ ಬೇಕು?

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ಕೂಡಿ ಐದಾರು ವರ್ಷವಾಗಿತ್ತು. ಶ್ರಾವಣದ ದಿನಗಳು. ಹುನ್ನೂರಿನ ಅರಿವೆ ವ್ಯಾಪಾರಿ ಪಾರಿಸಪ್ಪನ ಮನೆಯಲ್ಲಿ ಇಳಿದಿದ್ದ ಸಾಹೇಬರು ಯರಿಭೂತವನ್ನು ಹುಡುಕುತ್ತಿದ್ದಾರೆಂದು ಊರೆಲ್ಲ ಮಾತು. ಕುರಿಮರಿಯಷ್ಟು ಭಾರದ, ಉದ್ದ ಕತ್ತಿನ ಆ ಹಕ್ಕಿಗಳು ಒಂದು ಕಾಲಕ್ಕೆ ಕರಿ ಹೊಲಗಳಲ್ಲಿ ಏಳೆಂಟು ಕೂಡಿ ಮೇಯುತ್ತಿದ್ದವು. ಈಗ ಮೂರು ವರ್ಷದಿಂದ ಸೋಮವ್ವನ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಹೆಣ್ಣು. ಅದು ತುಬಚಿ ಕಡೆಯ ಬೀಳು ಹೊಲದಲ್ಲಿ, ಗೂಡು ಗೀಡು ಏನೂ ಇಲ್ಲದೆ ಬರಿ ನೆಲದ ಮೇಲೆ, ಒಂದೇ ತತ್ತಿಯಿಟ್ಟು ಕಾವಿಗೆ ಕೂತಿತ್ತು. ಹದಿನೈದು ದಿನದಿಂದ ಅವಳು ತನ್ನ ಕುರಿ ಹಿಂಡನ್ನು ಆ ಹೊಲಕ್ಕೆ ಬಿಡದೆ ಸುತ್ತು ಹಾಕಿ ಹೊಡೆಯುತ್ತಿದ್ದಳು. ಚಕ್ಕಡಿ ಬಾಡಿಗೆಗೆ ಹೊಡೆಯುವ ಗಂಡ ಹೊಳೆಪ್ಪನಿಗೂ ಹೇಳಿರಲಿಲ್ಲ.

ಚಕ್ಕಡಿಯ ಮರ್ಮ ಅವಳಿಗೆ ಗೊತ್ತಿತ್ತು. ಅವಳ ಅಪ್ಪ ಅಮಸಿದ್ದಪ್ಪ ಬೇಟೆಗೆ ಬಂದವರನ್ನು ಹಾಗೆಯೇ ಕರೆದೊಯ್ಯುತ್ತಿದ್ದ. ಮನುಷ್ಯ ನಡೆದು ಬಂದರೆ ದೂರದಿಂದಲೇ ಹಾರುವ ಹಕ್ಕಿ ಎತ್ತಿನ ಗಾಡಿಗೆ ಹೆದರುವುದಿಲ್ಲ. ನೆಟ್ಟಗೆ ಹೋಗದೆ ಸುತ್ತು ಹಾಕಬೇಕು, ಸುತ್ತನ್ನು ಸಣ್ಣದು ಮಾಡುತ್ತ ಬರಬೇಕು. ಎಂಟು ವರ್ಷದವಳಿದ್ದಾಗ ಅಪ್ಪನ ಮಗ್ಗುಲಲ್ಲಿ ಕೂತು, "ಅಲ್ಲೈತಿ ನೋಡ್ರಿ!" ಎಂದು ಬೆರಳು ಮಾಡಿ ತೋರಿಸಿದವಳು ಅವಳೇ. ಗುಂಡು ತಗುಲಿದ ಗಂಡು ಹಕ್ಕಿ ತನ್ನ ಬಿಳಿ ಕತ್ತನ್ನು ಎತ್ತುತ್ತ, ಇಳಿಸುತ್ತ ಬಹಳ ಹೊತ್ತು ಒದ್ದಾಡಿತ್ತು. ಅವತ್ತಿನಿಂದ ಅವಳು ಯಾವ ಹಕ್ಕಿಯನ್ನೂ ಯಾರಿಗೂ ತೋರಿಸಿರಲಿಲ್ಲ.

"ಸೋಮಿ, ಆ ಹಕ್ಕಿ ಎಲ್ಲ್ಯಾರ ಕಂಡೈತೇನ ನಿನಗ?" ಹೊಳೆಪ್ಪ ರೊಟ್ಟಿ ಮುರಿಯುತ್ತ ಕೇಳಿದ.

"ಇಲ್ರಿ. ಸಾಹೇಬ್ರ ಕಡೆ ಬಂದೂಕ ಐತೇನು?"

"ಉದ್ದನ್ನ ಚರ್ಮದ ಪೆಟಿಗಿ ಐತಿ. ಒಳಗೇನೈತೋ, ನಾ ಯಾಕ ಕೇಳ್ಲಿ?"

ಕೇಳದೆ ಬಿಡುವ ಆಸಾಮಿಯಲ್ಲ ಅವನು. ಒಂದು ಕುರಿ ಕೊಳ್ಳಬೇಕಾದರೆ ಅದರ ಬಾಯಿ ಮೂರು ಸಲ ತೆರೆದು ನೋಡುವವನು. ಇವನೂ ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು.

ಮರುದಿನ ಬೆಣ್ಣೆ ಕೊಡುವ ನೆವ ಮಾಡಿಕೊಂಡು ಪಾರಿಸಪ್ಪನ ಮನೆಗೆ ಹೋದಳು. ಸಾಹೇಬರು ಹೊರಗೆ ಹೋಗಿದ್ದರು. ಪಾರಿಸಪ್ಪನ ಹೆಂಡತಿ ಹೀರಾ ಪಡಸಾಲೆಯ ಕಸ ಹೊಡೆಯುತ್ತಿದ್ದಳು.

"ಅಕ್ಕಾರ, ಆ ಪೆಟಿಗ್ಯಾಗ ಇರೂದು ಬಂದೂಕ ಏನ್ರಿ?"

"ಜೈನರ ಮನ್ಯಾಗ ಬಂದೂಕ? ಸಂಶಯ ಯಾಕ, ನೋಡ ಬಾ," ಎಂದು ಹೀರಾ ಮುಚ್ಚಳ ತೆಗೆದಳು.

ಒಳಗಿದ್ದದ್ದು ದುರ್ಬೀನು ಮತ್ತು ಅದನ್ನು ನಿಲ್ಲಿಸುವ ಮೂರು ಕಾಲಿನ ಕಟ್ಟಿಗೆಯ ಸ್ಟ್ಯಾಂಡು. ಸೋಮವ್ವನಿಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ದುರ್ಬೀನಿನ ಕೆಳಗೊಂದು ತಗಡಿನ ಡಬ್ಬಿ ಕಂಡಿತು. ಅದರಲ್ಲಿ ಹತ್ತಿ ಹಾಸಿ ಮೂರು ತತ್ತಿಗಳನ್ನು ಇಟ್ಟಿದ್ದರು. ಒಂದನ್ನು ಎತ್ತಿದಳು, ಗಾಳಿಯಷ್ಟು ಹಗುರ. ಮಗ್ಗುಲಲ್ಲಿ ಒಳಗಿನದನ್ನು ಹೀರಿ ತೆಗೆದ ಸೂಜಿ ತೂತು, ಮೇಲೆ ಮಸಿಯಲ್ಲಿ ಬರೆದ ಅಂಕಿ.

"ಅಯ್ಯ! ನಮ್ಮ ಮನಿಯೊಳಗ ತತ್ತಿ!" ಹೀರಾ ಕೈ ಹಿಂದಕ್ಕೆ ಎಳೆದುಕೊಂಡಳು.

ಮಧ್ಯಾಹ್ನ ಪಾರಿಸಪ್ಪ ಕೇಳಿದಾಗ ಸಾಹೇಬರು ಸಿಟ್ಟಾಗಲಿಲ್ಲ. ಧಾರವಾಡದಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. "ಈ ಹಕ್ಕಿ ಇನ್ನ ಬಹಳ ವರ್ಷ ಇರೂದಿಲ್ಲ, ಪಾರಿಸಪ್ಪನವರ. ಮುಂದಿನವರಿಗೆ ನೋಡಾಕ ತತ್ತಿಯ ಸಿಪ್ಪಿಯರ ಉಳೀಲಿ ಅಂತ ಕೂಡಿಸಾಕತ್ತೀನಿ."

ಬಾಗಿಲ ಹತ್ತಿರ ನಿಂತಿದ್ದ ಸೋಮವ್ವನಿಗೆ ತಡೆಯಲಾಗಲಿಲ್ಲ. "ಉಳಿಯೂದಿಲ್ಲ ಅಂತ ಗೊತ್ತಿದ್ದೂ, ಇರೂದೊಂದನ್ನ ಯಾಕ ಒಯ್ತೀರಿ?"

ಸಾಹೇಬರು ತಿರುಗಿ ಅವಳನ್ನೇ ನೋಡಿದರು. "ಇರೂದೊಂದು? ಹಂಗಾರ ಅದು ಎಲ್ಲೈತಿ ಅಂತ ನಿನಗ ಗೊತ್ತೈತಿ."

ಸೋಮವ್ವ ನಾಲಿಗೆ ಕಚ್ಚಿಕೊಂಡಳು.

ಪಾರಿಸಪ್ಪ ಕೈಮುಗಿದು ಬೇರೆ ಕಡೆ ಇಳಿದುಕೊಳ್ಳಿ ಎಂದ. ಸಾಹೇಬರು ಊರು ಬಿಡದೆ ಚಾವಡಿಗೆ ಗಂಟುಮೂಟೆ ಸಾಗಿಸಿದರು. ಮರುದಿನದಿಂದ ಸಾಹೇಬರನ್ನು ಕೂರಿಸಿಕೊಂಡ ಹೊಳೆಪ್ಪನ ಚಕ್ಕಡಿ ಅವಳ ಹಿಂಡಿನ ಹಿಂದೆ ದೂರದಲ್ಲಿ ಬರತೊಡಗಿತು. ದುರ್ಬೀನು ಹಕ್ಕಿಯನ್ನು ಹುಡುಕುತ್ತಿರಲಿಲ್ಲ, ಅವಳ ಕುರಿಗಳು ಎಲ್ಲಿ ಹೋಗುವುದಿಲ್ಲ ಎಂದು ನೋಡುತ್ತಿತ್ತು. ಅದು ಅವಳಿಗೆ ತಿಳಿಯಿತು. ತನ್ನ ಸುತ್ತುದಾರಿಯೇ ಗುಟ್ಟು ಒಡೆಯುತ್ತಿದೆಯಲ್ಲ! ಸಂಜೆಯವರೆಗೆ ಯೋಚಿಸಿದಳು. ಮರುದಿನ ಹಿಂಡನ್ನು ಹಳ್ಳದ ಆಚೆಗೆ ಹೊಡೆದುಕೊಂಡು ಹೋದಳು. ಅಲ್ಲಿ ಕರಕಿ ಹುಲ್ಲು ಬೆಳೆದ ಇನ್ನೊಂದು ಬೀಳು ಹೊಲವಿತ್ತು, ಹಕ್ಕಿಯ ಸುಳಿವೇ ಇಲ್ಲದ್ದು. ಒಂದು ಕುರಿ ಅದರ ಬದು ದಾಟಿದರೂ ಓಡಿಹೋಗಿ ಬೈದು ಹೊರಗೆಳೆದಳು. ಮೂರು ದಿನ ಹೀಗೆಯೇ ಮಾಡಿದಳು. ನಾಲ್ಕನೆಯ ದಿನ ಚಕ್ಕಡಿ ಆ ಹೊಲಕ್ಕೆ ಇಳಿದು ಸುತ್ತು ಹಾಕತೊಡಗಿತು.

ಅವರು ಅಲ್ಲಿ ಸುತ್ತತೊಡಗಿದ ಐದನೆಯ ದಿನ, ತುಬಚಿ ಕಡೆಯ ಹೊಲದಲ್ಲಿ ಮರಿ ಹೊರಬಂತು. ಸೋಮವ್ವ ಬದುವಿನ ಮರೆಯಲ್ಲಿ ಬೋರಲಾಗಿ ಮಲಗಿ ನೋಡಿದಳು. ಕಂದು ಪಟ್ಟೆಯ ಮುದ್ದೆಯೊಂದು ತಾಯಿಯ ಹಿಂದೆ ತೂರಾಡುತ್ತ ಹುಲ್ಲಿನೊಳಗೆ ಹೋಯಿತು. ಅವು ಮರೆಯಾದ ಮೇಲೆ ಸಿಪ್ಪೆಯ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಚಕ್ಕಡಿ ಮರಳುವ ಹೊತ್ತಿಗೆ ಚಾವಡಿಗೆ ಹೋದಳು.

"ಕಾಗಿ ತಿಂದಾವ್ರಿ," ಎಂದು ಸಾಹೇಬರ ಮುಂದೆ ಸುರುವಿದಳು.

ಅಲ್ಲೇ ಎತ್ತು ಬಿಚ್ಚುತ್ತಿದ್ದ ಹೊಳೆಪ್ಪನ ಮುಖ ಬಾಡಿತು. ಸಾಹೇಬರು ಬಂದದ್ದೇ ತತ್ತಿಗಾಗಿ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಅವಳಿಗೆ ಆಗ ಖಾತ್ರಿಯಾಯಿತು.

ಸಾಹೇಬರು ಚೂರೊಂದನ್ನು ಎತ್ತಿ ಬೆಳಕಿಗೆ ಹಿಡಿದರು. "ನಿಮ್ಮೂರ ಕಾಗಿ ಇಷ್ಟ ಛಲೋ ಒಡೀತಾವೇನು?"

"ಹಂಗ ಒಡೀತಾವ್ರಿ."

ಸಾಹೇಬರು ನಂಬಿದರೋ, ನಂಬಿದಂತೆ ಮಾಡಿದರೋ, ತಿಳಿಯಲಿಲ್ಲ. ಚೂರುಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಮರುದಿನದ ಮೋಟಾರಿಗೆ ಕುಡಚಿ ಸ್ಟೇಷನ್ನಿನತ್ತ ಹೊರಟುಹೋದರು.

ಅವರು ಹೋದಮೇಲೂ ಎಂಟು ದಿನ ಸೋಮವ್ವ ಆ ಕಡೆ ತಲೆ ಹಾಕಲಿಲ್ಲ. ಒಂಬತ್ತನೆಯ ದಿನ ದಿಬ್ಬದ ಮೇಲೆ ನಿಂತು ನೋಡಿದಳು. ದೂರದ ಹುಲ್ಲಿನಲ್ಲಿ ಉದ್ದ ಕತ್ತೊಂದು ನಿಧಾನ ಸಾಗುತ್ತಿತ್ತು, ಅದರ ಹಿಂದೆ ಹುಲ್ಲು ಸಣ್ಣಗೆ ಅಲುಗುತ್ತಿತ್ತು.

"ಏನ ನೋಡಾಕತ್ತಿ?" ಹೊಳೆಪ್ಪ ಯಾವಾಗಲೋ ಬಂದು ಹಿಂದೆ ನಿಂತಿದ್ದ.

"ಮೋಡ," ಎಂದು ಸೋಮವ್ವ ಕುರಿಗಳನ್ನು ಇನ್ನೊಂದು ದಿಕ್ಕಿಗೆ ಹೊಡೆದಳು.