ಆಂಜಿನಮ್ಮನ ತೊಟ್ಟಿಗೆ ಹಾಕಿದ ಕೀಲು

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಶಿಡ್ಲಘಟ್ಟದ ಗಂಗರಾಜುವಿಗೆ ತಾನು ಮಾಡಿದ ಕೀಲು ಹಾಗೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಯಾರು ಯಾರೋ ಬರೆದುಕೊಟ್ಟ ಅಳತೆಗೆ ಕಬ್ಬಿಣ ಬಗ್ಗಿಸಿ, ಆಮೇಲೆ ಊರಿಗೆ ಬಂದು ವೆಲ್ಡಿಂಗ್ ಅಂಗಡಿ ಇಟ್ಟವನು. ಅವನ ಸ್ವಂತ ತಲೆಯಿಂದ ಹುಟ್ಟಿದ ಮೊದಲ ವಸ್ತು ಅದು: ರೇಷ್ಮೆಗೂಡು ಬೇಯಿಸುವ ತೊಟ್ಟಿಯ ಮುಚ್ಚಳಕ್ಕೆ ಹಾಕುವ ಸ್ಪ್ರಿಂಗಿನ ಕೀಲು. ತೆರೆದರೆ ತೆರೆದೇ ನಿಲ್ಲಬೇಕು, ಮುಚ್ಚಿದರೆ ಮುಚ್ಚಿಯೇ ಇರಬೇಕು, ನಡುವೆ ತೂಗಾಡಬಾರದು. ನಡುವಿನ ಒಂದು ಗೆರೆಯ ಈಚೆ ಇದ್ದರೆ ಸ್ಪ್ರಿಂಗು ಮುಚ್ಚಳವನ್ನು ಕೆಳಕ್ಕೆ ಎಳೆಯುತ್ತದೆ, ಆಚೆ ದಾಟಿಸಿದರೆ ಮೇಲಕ್ಕೆ ಎಳೆದು ಹಿಡಿಯುತ್ತದೆ. ಆ ಗೆರೆ ಎಲ್ಲಿ ಬರಬೇಕು ಅಂತ ಹುಡುಕುವುದರಲ್ಲೇ ಐದು ತಿಂಗಳು ಹೋಗಿತ್ತು.

ಆ ಕೀಲು ಹಾಕಿದ ಮುಚ್ಚಳವೊಂದು ಈಗ ಮಜರ್ ಸಾಬರ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಆಂಜಿನಮ್ಮನ ಬಲಗೈ ಮೇಲೆ ಬಿದ್ದಿತ್ತು. ಕೆಳಗೆ ಕುದಿಯುವ ನೀರು, ಮೇಲೆ ತಗಡು. ಪಕ್ಕದವರು ಓಡಿಬಂದು ಮುಚ್ಚಳ ಎತ್ತುವಷ್ಟರಲ್ಲಿ ಬೆರಳುಗಳು ಬೆಂದುಹೋಗಿದ್ದವು. ಇಪ್ಪತ್ತೆರಡು ವರ್ಷದಿಂದ ಅದೇ ತೊಟ್ಟಿಯ ಮುಂದೆ ಕೂತು ನೂಲು ತೆಗೆದ ಹೆಂಗಸು. ಒಂದು ದಿನವೂ ಕೈ ಸುಟ್ಟುಕೊಂಡವಳಲ್ಲ.

ಮಜರ್ ಸಾಬರು ಗಂಗರಾಜುವನ್ನು ಕರೆಸಿದರು.

"ನನ್ನ ಕೀಲು ತಾನಾಗಿ ಬೀಳಲ್ಲ ಸಾಬ್ರೆ," ಅಂದ ಅವನು. "ಎರಡು ಸಾವಿರ ಸಲ ತೆಗೆದು ಮುಚ್ಚಿ ನೋಡಿದೀನಿ. ಆವಿ ಕೊಟ್ಟೂ ನೋಡಿದೀನಿ. ಆಯಮ್ಮನೇ ಏನೋ ಮಾಡಿರ್ಬೇಕು."

ಅಷ್ಟು ಸಾಕಾಯಿತು. ಎಚ್ಚರಿಕೆ ಇಲ್ಲದವರನ್ನು ಬಿಸಿನೀರಿನ ಮುಂದೆ ಕೂರಿಸೋಕಾಗಲ್ಲ, ಕೈ ವಾಸಿಯಾದರೂ ಕೆಲಸಕ್ಕೆ ಬರೋದು ಬೇಡ ಅಂತ ಸಾಬರು ಹೇಳಿಕಳಿಸಿದರು. ಗಂಗರಾಜುವಿನ ನಾಲಿಗೆ ಆಡಿದ ಒಂದು ಮಾತಿಗೆ ಆಂಜಿನಮ್ಮನ ಜಾಗ ಹೋಯಿತು.

ಗಂಗರಾಜು ಮೂರನೆಯ ದಿನ ಬೆಳಿಗ್ಗೆ ತಾನೇ ಘಟಕಕ್ಕೆ ಹೋಗಿ ಅವಳ ತೊಟ್ಟಿಯ ಕೀಲು ಬಿಚ್ಚಿ ನೋಡಿದ. ಸ್ಪ್ರಿಂಗು ಸಡಿಲವಾಗಿರಲಿಲ್ಲ, ಪಿನ್ನು ಸವೆದಿರಲಿಲ್ಲ. ಸದ್ಯ ಅಂದುಕೊಂಡ. ಥೂ, ಎಂಥ ಮನುಷ್ಯನಪ್ಪಾ ಇವನು, ಅಲ್ಲಿ ಒಬ್ಬಳ ಕೈ ಬೆಂದಿದ್ದರೆ ಇಲ್ಲಿ ಇವನಿಗೆ ಪಿನ್ನಿನ ನೆಮ್ಮದಿ!

ಪಕ್ಕದ ತೊಟ್ಟಿಯಲ್ಲಿ ಜಬೀನ್ ಅನ್ನುವ ಹುಡುಗಿ ನೂಲು ತೆಗೆಯುತ್ತಿದ್ದಳು. ಸಿಕ್ಕಾದ ಒದ್ದೆ ನೂಲನ್ನು ಒಂದು ಹಿಡಿ ಎಳೆದು, ಕಣ್ಣೆತ್ತಿಯೂ ನೋಡದೆ, ತೆರೆದು ನಿಂತ ಮುಚ್ಚಳದ ಅಂಚಿಗೆ ನೇತುಹಾಕಿದಳು. ಮುಚ್ಚಳ ಸಣ್ಣಗೆ ಅದುರಿತು. ಗಂಗರಾಜು ಕೈಲಿದ್ದ ಪಿನ್ನು ಕೆಳಗಿಟ್ಟು ಅತ್ತ ತಿರುಗಿದ.

"ಅಲ್ಲಿ ಯಾಕಮ್ಮ ಹಾಕ್ತೀಯ?"

"ಇನ್ನೆಲ್ಲಿ ಹಾಕ್ಲಿ ಅಂಕಲ್? ಕೆಳಗಿಟ್ರೆ ಮಣ್ಣಾಗುತ್ತೆ, ಸಿಕ್ಕುನೂಲು ತಗೊಳ್ಳೋರು ಬೇಡ ಅಂತಾರೆ. ಗೋಡೇಲಿ ಮೊಳೆ ಇತ್ತು, ಎಲ್ರೂ ಅದಕ್ಕೇ ಹಾಕ್ತಿದ್ವಿ. ಮುಚ್ಚಳಕ್ಕೆ ಅಡ್ಡ ಬರುತ್ತೆ ಅಂತ ನೀವೇ ಕಿತ್ತುಹಾಕಿದ್ರಲ್ಲ."

ಹೌದು, ಕಿತ್ತಿದ್ದ. ಆರು ತೊಟ್ಟಿಗೆ ಆರು ಮೊಳೆ. ಗೋಡೆ ಹತ್ತಿರವಿದ್ದುದರಿಂದ ಮುಚ್ಚಳ ನೆಟ್ಟಗೆ ನಿಲ್ಲುವಷ್ಟು ಜಾಗವಿರಲಿಲ್ಲ, ಮುಂದಕ್ಕೆ ವಾಲಿದ್ದನ್ನು ಸ್ಪ್ರಿಂಗೇ ಹಿಡಿಯಬೇಕಿತ್ತು. ಆ ಮೊಳೆ ಯಾತಕ್ಕೆ ಅಂತ ಅವನು ಯಾರನ್ನೂ ಕೇಳಿರಲಿಲ್ಲ. ಅಂಗಡಿಯಲ್ಲಿ ಎರಡು ಸಾವಿರ ಸಲ ತೆರೆದು ಮುಚ್ಚಿದ್ದು ಬರಿಯ ಮುಚ್ಚಳವನ್ನು.

ಆಂಜಿನಮ್ಮನ ಖಾಲಿ ತೊಟ್ಟಿಗೆ ಕೀಲು ಮತ್ತೆ ಜೋಡಿಸಿ, ಮುಚ್ಚಳ ತೆರೆದು ಒದ್ದೆ ನೂಲು ಹಾಕುತ್ತಾ ಬಂದ. ಒಂದು ಹಿಡಿ, ಎರಡು, ಮೂರು. ನಿಂತೇ ಇತ್ತು. ನಾಲ್ಕನೆಯದಕ್ಕೆ ಮುಚ್ಚಳ ಗೆರೆ ದಾಟಿತು. ಸಾದಾ ಮುಚ್ಚಳವಾಗಿದ್ದರೆ ಬರೀ ತನ್ನ ಭಾರಕ್ಕೆ ಬೀಳುತ್ತಿತ್ತು. ಇದನ್ನು ಸ್ಪ್ರಿಂಗು ಎಳೆದು ಬಡಿಯಿತು, ಬಡಿದ ಮೇಲೆ ಬಿಗಿಯಾಗಿ ಹಿಡಿದೂ ಇತ್ತು. ಅವನು ಐದು ತಿಂಗಳು ಕಷ್ಟಪಟ್ಟದ್ದು ಅದಕ್ಕೇ ತಾನೆ.

ಬಾಯಿ ಮುಚ್ಚಿಕೊಂಡು ಹೋಗಬಹುದಿತ್ತು. ಚಿಂತಾಮಣಿಯ ಕಡೆಯವರು ನಲವತ್ತು ಕೀಲು ಬೇಕು ಅಂದಿದ್ದರು. ಜಬೀನ್‌ಗೆ ಇದರ ತಲೆಬುಡ ತಿಳಿದಿರಲಿಲ್ಲ. ಗಂಗರಾಜು ಬಾಗಿಲ ತನಕ ಹೋಗಿ ನಿಂತ, ಬೈಕಿನ ಕೀ ಕೈಯಲ್ಲಿತ್ತು. ಆಮೇಲೆ ತಿರುಗಿ ಮಜರ್ ಸಾಬರ ಎದುರು ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ತಪ್ಪು ಆಯಮ್ಮಂದಲ್ಲ ಸಾಬ್ರೆ. ನನ್ನದು. ಅವರು ನೂಲು ನೇತಾಕೋ ಮೊಳೆ ನಾನೇ ಕಿತ್ತಿದ್ದು. ಆ ಭಾರಕ್ಕೆ ಕೀಲು ನಿಲ್ಲಲ್ಲ."

ಸಾಬರು ಕೂತಲ್ಲಿಂದ ಎದ್ದರು. "ಅವತ್ತು ಹೇಳೋಕೆ ಏನಾಗಿತ್ತು ನಿಂಗೆ? ನಿನ್ನ ಮಾತು ಕೇಳಿ ಆಯಮ್ಮನ್ನ ಬೇಡ ಅಂದೆನಲ್ಲಯ್ಯಾ."

ಗಂಗರಾಜು ಆರೂ ಕೀಲು ಬಿಚ್ಚಿ, ಗೋಡೆಗೆ ಆರು ಮೊಳೆ ಹೊಡೆದು, ಚಿಂತಾಮಣಿಗೆ ಫೋನ್ ಮಾಡಿ ಆಗಲ್ಲ ಅಂದ. ಸಾಬರು ಆಂಜಿನಮ್ಮನಿಗೆ, ವಾಸಿಯಾದ ದಿನ ಬಾ, ನಿನ್ನ ಜಾಗ ನಿಂದೇ ಅಂತ ಹೇಳಿಕಳಿಸಿದರು.

ಎರಡು ತಿಂಗಳಿಗೆ ಅವಳು ಬಂದಳು. ಗಂಗರಾಜುವೂ ಹೋಗಿದ್ದ. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅವನು ಬಾಯಿ ತೆರೆಯುವ ಮೊದಲೇ ಆಂಜಿನಮ್ಮ ತೊಟ್ಟಿಯ ಮುಂದೆ ಕೂತು ಬಲಗೈಯನ್ನು ಕೈ ತಡೆಯುವಷ್ಟು ಆರಿದ ನೀರಿಗಿಟ್ಟಳು. ಬೆಂದ ಗೂಡಿನಿಂದ ಎಳೆಯ ತುದಿ ಹಿಡಿಯುವುದು ಕಣ್ಣಿನ ಕೆಲಸವಲ್ಲ, ಅದನ್ನು ಬೆರಳ ತುದಿಯೇ ಕಂಡುಹಿಡಿಯಬೇಕು. ಅವಳ ಬೆರಳುಗಳ ಮೇಲೆ ಹೊಸ ಚರ್ಮ ನಯವಾಗಿ, ಬೆಳ್ಳಗೆ ಬಂದಿತ್ತು. ಒಂದು ಗೂಡು ಹಿಡಿದಳು, ಬಿಟ್ಟಳು. ಇನ್ನೊಂದು ಹಿಡಿದಳು.

"ಸಿಗ್ತಿಲ್ಲ ಗಂಗರಾಜಣ್ಣ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಸ್ವಲ್ಪ ಸಲೀಸಾಗುತ್ತಿತ್ತು. "ಏಂ ಚೇಸ್ತಾಂ, ಏನ್ ಮಾಡೋಕಾಗುತ್ತೆ. ಒಂದು ಎಳೆ ತೆಗೆದುಕೊಡು, ಅಲ್ಲಿಂದ ಹಿಡ್ಕೊಂಡು ಹೋಗ್ತೀನಿ."

ಗಂಗರಾಜು ಅಂಗಿಯ ತೋಳು ಮಡಿಸಿ ನೀರಿಗೆ ಕೈ ಹಾಕಿದ. ಗೂಡುಗಳು ಬೆರಳ ಸಂದಿನಲ್ಲಿ ಜಾರಿದವು. ಬಿಸಿ ಬಿಟ್ಟರೆ ಅವನ ಬೆರಳಿಗೆ ಬೇರೇನೂ ತಿಳಿಯಲಿಲ್ಲ. ಆಂಜಿನಮ್ಮ ಕಾಯುತ್ತಾ ಕೂತಿದ್ದಳು.